ಹಿಂದಿನ ಕೋಲು

ನಿಲಂಗಾ
ಮಂಗಳವಾರ, 28 ಅಕ್ಟೋಬರ್ 1958

ಚಿರಂಜೀವಿ ಸೌಭಾಗ್ಯವತಿ ಸುಗಂಧಾಳಿಗೆ,

ನಿನ್ನ ಅಪ್ಪನ ಅಕ್ಕರೆಯ ಆಶೀರ್ವಾದ. ನಿನ್ನ ಕಾಗದ ದಸರೆಗೆ ಮೊದಲೇ ಕೈಸೇರಿತ್ತು. ಉತ್ತರ ಬರೆಯುವಷ್ಟರಲ್ಲಿ ಶೀಗೆ ಹುಣ್ಣಿಮೆಯೂ ದಾಟಿತು. ಹಬ್ಬದ ಗಿರಾಕಿಗಳ ಗದ್ದಲದಲ್ಲಿ ತಡವಾಯಿತೆಂದು ಬರೆಯೋಣವೆಂದಿದ್ದೆ. ಆದರೆ ನಮ್ಮ ಬಟ್ಟೆ ಅಂಗಡಿಯ ಗದ್ದಲ ಎಷ್ಟೆಂದು ನಿನಗೆ ಗೊತ್ತೇ ಇದೆ: ನಾನು, ಗಜದ ಕೋಲು, ಒಂದು ನೊಣ. ಧಾರವಾಡದಲ್ಲಿ ಕನ್ನಡ ಓದಿ ಬಿ.ಎ. ಮಾಡಿದವನನ್ನು ಗಲ್ಲೆಯ ಮೇಲೆ ಕೂರಿಸಿದರೆ ಆತ ಸೀರೆಯ ಸೆರಗಿಗೂ ಪ್ರಾಸ ಹುಡುಕುತ್ತ ಕೂರುತ್ತಾನೆ, ಗಿರಾಕಿ ಎದ್ದು ಪಕ್ಕದ ಅಂಗಡಿಗೆ ಹೋಗುತ್ತಾನೆ. ತಡವಾದದ್ದಕ್ಕೆ ಬೇಸರಿಸಬೇಡ.

ಲಕೋಟೆಯ ಮೇಲೆ ಮರಾಠಿಯಲ್ಲಿ ವಿಳಾಸ ಕಂಡು ಗಾಬರಿಯಾಗಬೇಡ, ಬರೆದವನು ನಾನೇ. ನಮ್ಮ ತಾಲೂಕುಗಳು ಬೀದರವನ್ನು ಬಿಟ್ಟು ಮುಂಬಯಿ ರಾಜ್ಯಕ್ಕೆ ಸೇರಿದ ಮೇಲೆ ಇಲ್ಲಿಯ ಟಪ್ಪಾಲು ಕಚೇರಿಗೆ ಹೊಸಬನೊಬ್ಬ ಬಂದಿದ್ದಾನೆ, ಅವನಿಗೆ ಕನ್ನಡ ಅಕ್ಷರ ಬಾರದು. ಹೊರಗೆ ಮರಾಠಿ, ಒಳಗೆ ಕನ್ನಡ. ಲಕೋಟೆಯೂ ಈಗ ನಮ್ಮ ಹಾಗೆಯೇ ಆಗಿದೆ.

ಕಾರ್ತಿಕ ಹುಣ್ಣಿಮೆಗೆ ನಿಮ್ಮ ಓಣಿಯ ಹೆಂಗಸರೆಲ್ಲ ಸೇರಿ ಉದಗೀರದಿಂದ ಕಪಿಲಧಾರದ ಮನ್ಮಥಸ್ವಾಮಿಯ ಯಾತ್ರೆಗೆ ನಡೆದು ಹೋಗುವ ಮಾತಾಡಿದ್ದೀರಿ, ಮೇಳದ ಮುಂದೆ ಹಿಡಿಯುವ ಬಾವುಟ, ನಿಶಾನಿ, ನಿನ್ನ ಕೈಗೆ ಬಂದಿದೆ ಎಂಬುದನ್ನು ಎರಡು ಸಲ ಓದಿದೆ. ಅದು ನಿನ್ನ ಅವ್ವ ಹಿಡಿಯುತ್ತಿದ್ದ ನಿಶಾನಿ. ಆದರೆ ನಿನ್ನ ಅತ್ತೆ ಉಮಾಬಾಯಿಯವರು ಹಾಕಿದ ಶರತ್ತನ್ನೂ ಓದಿದೆ. "ನಿಮ್ಮಪ್ಪ ಹಿಂದಿನ ಕೋಲು ಹಿಡದರ ನಾ ಬರ್ತೀನಿ, ಇಲ್ಲಾಂದ್ರ ನಾನೂ ಬರೂದಿಲ್ಲ, ನಿನ್ನೂ ಕಳಸೂದಿಲ್ಲ" ಅಂದರಂತೆ. ಅವರ ತಪ್ಪೇನಿಲ್ಲ. ಹೋದ ವರ್ಷ ಹಿಂದಿನ ಕೋಲು ಹಿಡಿದವನು ನಮ್ಮ ಪಕ್ಕದ ಅಂಗಡಿಯ ಮನ್ಮಥಪ್ಪ. ಮುಂದಿನಿಂದ ಏನೇ ಕರೆದರೂ ಅವನದು ಒಂದೇ ಉತ್ತರ, "ಬಂದೇವ್ರೀ, ಬಂದೇವಿ." ಯಾರು ಬಂದರು, ಯಾರು ಉಳಿದರು ಎಂಬುದು ಅವನಿಗೂ ಗೊತ್ತಿರಲಿಲ್ಲ.

ನಾನು ಬರುತ್ತೇನೋ ಇಲ್ಲವೋ ಎಂಬುದನ್ನು ಕೊನೆಗೆ ಹೇಳುತ್ತೇನೆ. ಮೊದಲು ನೀನು ಕೇಳಿದ ತಿಳಿವಳಿಕೆ. ನಿನಗೆ ಗೊತ್ತಿದ್ದದ್ದನ್ನೂ ಬಿಡಿಸಿ ಬರೆಯುತ್ತೇನೆ, ಹೊಸಬರನ್ನು ಕೂರಿಸಿಕೊಂಡು ಓದಿ ಹೇಳು.

ಹೊರಡುವುದಕ್ಕೆ ಮುಂಚೆ ಒಂದು ದಿನ ಎಲ್ಲರೂ ಅವರವರ ಗಂಟು ಹೊತ್ತು ವಲಾಂಡಿಯ ದಾರಿಯಲ್ಲಿ ಹೊತ್ತೇರುವವರೆಗೆ ನಡೆದು ತಿರುಗಿ ಬನ್ನಿ. ನಿಮ್ಮಲ್ಲಿ ಎಲ್ಲರಿಗಿಂತ ಮೆಲ್ಲಗೆ ನಡೆಯುವವರು ಯಾರೆಂದು ಆವತ್ತು ತಿಳಿಯಬೇಕು. ಅವರನ್ನು ಎಲ್ಲರಿಗಿಂತ ಮುಂದೆ, ನಿಶಾನಿಯ ಪಕ್ಕದಲ್ಲಿ ನಡೆಸಬೇಕು. ಅವರ ಹೆಜ್ಜೆಯೇ ಎಲ್ಲರ ಹೆಜ್ಜೆ. ಗಟ್ಟಿ ಕಾಲಿನವರನ್ನು ಮುಂದೆ ಬಿಟ್ಟರೆ ಮೆಲ್ಲಗಿನವರು ದಿನವಿಡೀ ಅವರ ಬೆನ್ನು ನೋಡುತ್ತ ಓಡಬೇಕಾಗುತ್ತದೆ. ಎರಡನೆಯ ದಿನ ಯಾವುದಾದರೂ ಮರದ ಕೆಳಗೆ ಕುಳಿತು ಮನೆಗೆ ಹೋಗುತ್ತೇನೆ ಎನ್ನುತ್ತಾರೆ.

ನಮ್ಮ ಮೇಳದಲ್ಲಿ ಆ ಜಾಗ ನಿನ್ನ ಆಯಿ, ನನ್ನ ಅವ್ವ ರಂಭಾಬಾಯಿಯದಾಗಿತ್ತು. ಆಕೆಗೆ ಅದು ಮಾನವೋ ಅವಮಾನವೋ ಎಂಬ ಗುಮಾನಿ ಕೊನೆಯತನಕ ಹೋಗಲಿಲ್ಲ. "ನನ್ನ ಮುಂದ ಬಿಟ್ಟು ಹಿಂದ ನಕ್ಕೋತ ಬರ್ತೀರೇನು? ದನಾ ಹೊಡದಂಗ ಹೊಡೀಲಿಕತ್ತೀರಿ" ಎಂದು ಒಮ್ಮೆ ರೇಗಿದಳು. ನಿನ್ನ ಅವ್ವ ನಿಶಾನಿ ಹಿಡಿದು ಪಕ್ಕದಲ್ಲೇ ಇದ್ದಳು. "ಇಲ್ಲ ಅತ್ತಿ, ದನಾ ಆಗಿದ್ರ ಇಷ್ಟೊತ್ತಿಗೆ ಊರು ಮುಟ್ಟತಿದ್ವು" ಅಂದಳು. ಅತ್ತೆ ಸೊಸೆ ಇಬ್ಬರೂ ಆ ಮಾತಿಗೆ ಒಂದು ಹರದಾರಿ ನಕ್ಕರು, ಆಯಿ ಅಷ್ಟು ದೂರ ಕಾಲುನೋವು ಮರೆತಳು.

ನಿಮ್ಮಲ್ಲಿ ಆ ಜಾಗ ನಿನ್ನ ಅತ್ತೆಯವರದೇ ಎಂದು ನನ್ನ ಅಂದಾಜು. ಹಾಗೆಂದು ಹೇಳಲು ಹೋಗಬೇಡ. ಹಿರಿಯರು ನಿಶಾನಿಯ ಪಕ್ಕ ಇರಬೇಕು ಎಂದು ಹೇಳು, ಅದೂ ಸುಳ್ಳಲ್ಲ. ಈ ಸಾಲನ್ನು ಓದುವಾಗ ದಾಟಿಸು.

ಮೆಟ್ಟಿನ ವಿಷಯ. ಯಾತ್ರೆಗೆಂದು ಯಾರೂ ಹೊಸ ಮೆಟ್ಟು ಕೊಳ್ಳಬಾರದು. ಕೊಂಡೇ ಬಿಟ್ಟಿದ್ದರೆ ಇವತ್ತಿನಿಂದಲೇ ಔಡಲೆಣ್ಣೆ ಹಚ್ಚಿ ಹಿತ್ತಲಲ್ಲಿ ಮೆಟ್ಟಿಕೊಂಡು ತಿರುಗಲಿ. ಹಿಂದೆ ನಾನು ಕಟ್ಟಿದ್ದು ನಿನಗೆ ನೆನಪಿರಬಹುದು:

ಹೊಸಾ ಮೆಟ್ಟು ಮೆಟ್ಟಿದಾಕಿ ಹಾದ್ಯಾಗ ಕುಂತಾಳ,
ಹಳಿ ಮೆಟ್ಟು ಮೆಟ್ಟಿದಾಕಿ ಹರ ಹರ ಅಂತಾಳ.

ಕಾವ್ಯವೇನಲ್ಲ. ಆದರೆ ಇದನ್ನು ಕೇಳಿದವರ ಕಾಲಿಗೆ ಗುಳ್ಳೆ ಎದ್ದದ್ದು ಕಡಿಮೆ. ಎಲ್ಲ ಕಾವ್ಯದ ಬಗ್ಗೆ ಅಷ್ಟು ಹೇಳಲಾಗದು. ಗುಳ್ಳೆ ಎದ್ದರೆ ಒಡೆಯಬೇಡಿ, ಎಣ್ಣೆ ಸವರಿ ಹಳೆಯ ಧೋತರದ ಪಟ್ಟಿ ಕಟ್ಟಿ.

ಊಟಕ್ಕೆ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಬೆಲ್ಲ, ಉಳ್ಳಾಗಡ್ಡಿ ಸಾಕು. ರೊಟ್ಟಿಯನ್ನು ಮೆತ್ತಗಿನ ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಬೇಕು, ಇಲ್ಲದಿದ್ದರೆ ಲಾತೂರು ಮುಟ್ಟುವುದರೊಳಗೆ ನುಚ್ಚಾಗುತ್ತದೆ. ಮೈಮೇಲೆ ಒಂದು ಸೀರೆ, ಗಂಟಿನಲ್ಲಿ ಒಂದು. ಇಬ್ಬರಿಗೆ ಒಂದು ಕೌದಿ. ಹೊರೆಯೂ ಕಡಿಮೆ, ಚಳಿಯೂ ಕಡಿಮೆ. ಆದರೆ ಮಾತಾಡದವರಿಬ್ಬರಿಗೆ ಒಂದೇ ಕೌದಿ ಕೊಡಬೇಡ. ನಸುಕಿನಲ್ಲಿ ಹೊರಟು, ಬಿಸಿಲು ನೆತ್ತಿಗೆ ಬರುವ ಮುಂಚೆ ನೆರಳು ಹಿಡಿಯಿರಿ. ದೀಪಾವಳಿಯ ನಂತರ ಒಂದು ಹನಿ ಮಳೆ ಬಿದ್ದರೂ ಎರಿ ಹೊಲದಲ್ಲಿ ಕಾಲಿಡಬೇಡಿ. ಕರಿ ಮಣ್ಣು ಹೆಜ್ಜೆಗೊಂದು ಸೇರು ಅಂಟುತ್ತದೆ. ಸುತ್ತಾದರೂ ಗರಸಿನ ದಿಬ್ಬದ ಮೇಲೆ ಹೋಗಿ.

ಈಗ ಹಿಂದಿನ ಕೋಲು. ಮುಂದೆ ನಿಶಾನಿ ಇದ್ದ ಹಾಗೆ ಎಲ್ಲರ ಕೊನೆಗೆ ಗೆಜ್ಜೆ ಕಟ್ಟಿದ ಬೇವಿನ ಕೋಲು ಹಿಡಿದ ಒಬ್ಬನಿರುತ್ತಾನೆ. ಅವನ ಹಿಂದೆ ಯಾರೂ ಉಳಿಯಕೂಡದು. ಹಳ್ಳ, ತಿರುವು, ದಿಬ್ಬ ದಾಟಿದಾಗಲೆಲ್ಲ ನಿಶಾನಿಯವರು ನಿಂತು ಅರ್ಧ ಪದ ಕರೆಯಬೇಕು. ಹಿಂದಿನವನು ಪ್ರಾಸ ಹಿಡಿದು ಉಳಿದರ್ಧ ಮುಗಿಸಬೇಕು, ಅದರಲ್ಲೇ ಹಿಂದಿನವರ ಸುದ್ದಿ ಇರಬೇಕು. ಉತ್ತರ ಬರುವವರೆಗೆ ನಿಶಾನಿ ಒಂದು ಹೆಜ್ಜೆಯೂ ಮುಂದಿಡುವಂತಿಲ್ಲ. ಇದು ನಮ್ಮ ಮೇಳದ ಕಟ್ಟಳೆ.

ಮೊದಲು ನಮ್ಮದು ವರ್ಷವರ್ಷವೂ ಒಂದೇ ಪದವಾಗಿತ್ತು. ನಿನ್ನ ಅವ್ವ ಮುಂದಿನಿಂದ ಕರೆಯುತ್ತಿದ್ದಳು:

ಹಳ್ಳ ದಾಟಿ ಬಂದೇವಿ, ಹಿಂದ ಯಾರದಾರ?

ನಾನು ಹಿಂದಿನಿಂದ ಮುಗಿಸುತ್ತಿದ್ದೆ:

ಮುಳ್ಳ ತುಳದ ಮೂರ ಮಂದಿ ಮೆಲ್ಲಕ ಬರತಾರ.

ಪೊಲೀಸ್ ಆಕ್ಷನ್ ಆದ ಮರುವರ್ಷದ ಮಾತು. ರಜಾಕಾರರ ಕಾಲದಲ್ಲಿ ಎರಡು ವರ್ಷ ಯಾರೂ ನಡೆದಿರಲಿಲ್ಲ, ಹಾಗಾಗಿ ಆ ಸಲ ಮೇಳದಲ್ಲಿ ಅರ್ಧಕ್ಕರ್ಧ ಹೊಸಬರು. ಶಿರೂರ ಅನಂತಪಾಳ ದಾಟಿದ ಮೇಲೆ ಬರುವ ಹಳ್ಳದ ಈಚೆಗೆ ಶೇವಂತಾಬಾಯಿಯ ಕಾಲಿಗೆ ನಿಜವಾಗಿಯೂ ಮುಳ್ಳು ಚುಚ್ಚಿತು. ಆಕೆಯ ತಂಗಿ ಕಾಲು ಹಿಡಿದುಕೊಂಡಳು, ನಾನು ಮುಳ್ಳು ಕೀಳುತ್ತ ಕುಳಿತೆ. ನಿಶಾನಿ ಹಳ್ಳ ದಾಟಿ ತಿರುವಿನಾಚೆ ಹೋಗಿ ನಿಂತಿತ್ತು. ನಿನ್ನ ಅವ್ವ ಕರೆದದ್ದು ಶೇವಂತಾಬಾಯಿಯ ನರಳಾಟದಲ್ಲಿ ನನಗೆ ಕೇಳಿಸಲಿಲ್ಲ. ಆದರೆ ಅವಳಿಗೆ ಉತ್ತರ ಹೋಯಿತು. ಪ್ರಾಸ ತಪ್ಪದ, ಪೂರ್ತಿ ಉತ್ತರ. ನಿಶಾನಿ ಮುಂದೆ ನಡೆಯಿತು.

ಉತ್ತರ ಕೊಟ್ಟವನು ಹಳ್ಳದ ದಂಡೆಯಲ್ಲಿ ಕುರಿ ಮೇಯಿಸುತ್ತಿದ್ದ ಮನುಷ್ಯ. ಮರಾಠಿ ಮಾತಿನವನು, ಕನ್ನಡದ ಗಂಧವಿಲ್ಲ. ಪ್ರತಿ ಕಾರ್ತಿಕದಲ್ಲೂ ನಮ್ಮ ಪದ ಕೇಳಿ ಕೇಳಿ ಅರ್ಥ ಗೊತ್ತಿಲ್ಲದೆಯೇ ಬಾಯಿಪಾಠ ಮಾಡಿಕೊಂಡಿದ್ದ. ಆಮೇಲೆ ನಾನು ಕೇಳಿದಾಗ ಅವನು ಹೇಳಿದ್ದಿಷ್ಟು: ಎರಡು ವರ್ಷ ನೀವು ಬಂದಿರಲಿಲ್ಲ, ಈ ಸಲ ಬಾಯಿಯವರು ಕರೆದರು, ಯಾರೂ ಓಗೊಡಲಿಲ್ಲ, ಪಾಪ ನಿಂತೇ ಇದ್ದರು, ಅದಕ್ಕೆ ನಾನೇ ಹೇಳಿದೆ. ಅವನನ್ನು ಬೈಯುವುದಾದರೂ ಹೇಗೆ? ನಮ್ಮ ಮೂವರ ರೊಟ್ಟಿಯ ಗಂಟೂ ಮುಂದಿನವರ ಜೊತೆ ಹೋಗಿತ್ತು, ಅವನ ಬುತ್ತಿಯನ್ನೇ ಹಂಚಿಕೊಂಡು ತಿಂದೆವು. (ಆದ್ದರಿಂದ ಬುತ್ತಿಯನ್ನು ಮುಂದೊಂದು ಪಾಲು, ಹಿಂದೊಂದು ಪಾಲು ಮಾಡಿ ಇಡಿ. ಇದನ್ನು ಮರೆಯಬೇಡಿ.)

ಮುಂದಿನ ಊರಲ್ಲಿ ಉಣ್ಣಲು ಕುಳಿತಾಗ ನಾವಿಲ್ಲದ್ದು ತಿಳಿಯಿತಂತೆ. ನಿನ್ನ ಅವ್ವ ನಿಶಾನಿಯನ್ನು ಇನ್ನೊಬ್ಬರ ಕೈಗೆ ಕೊಟ್ಟು, ರೊಟ್ಟಿಯ ಗಂಟು ಹೊತ್ತು, ಒಬ್ಬಳೇ ತಿರುಗಿ ಬಂದಳು. ಅರ್ಧ ಹಾದಿಯಲ್ಲಿ ಸಿಕ್ಕಳು. ಬೈಯುತ್ತಾಳೆಂದುಕೊಂಡಿದ್ದೆ. ಅವಳ ಮುಖ ಬಿಳಿಚಿಹೋಗಿತ್ತು.

"ನಿಮ್ಮ ದನಿ ಅಲ್ಲ ಅಂತ ನನಗ ತಿಳೀಲಿಲ್ಲ. ಇಷ್ಟು ವರ್ಷ ಸಂಸಾರ ಮಾಡಿ, ಕುರಿ ಕಾಯೂವನ ದನಿಗೆ ಹೂಂ ಅಂದು ನಡದ ಬಿಟ್ಟೆ ನಾ."

"ಅಂವಾ ಪ್ರಾಸ ಛಲೋ ಮುಗಿಸ್ಯಾನಲ್ಲ ಮತ್ತ" ಅಂದೆ. ಅವಳು ನಗಲಿಲ್ಲ.

"ಇನ್ನ ಹಳೀದು ಕರಿಯೂದಿಲ್ಲ. ದಿನಾ ಹೊಸಾದು ಕಟ್ಟತೀನಿ. ನಿಮ್ಮನ್ನ ಬಿಟ್ಟು ಅದನ್ನ ಮುಗಸಲಿಕ್ಕೆ ಯಾರಿಗೂ ಬರಬಾರದು."

ಮಾತಿನಂತೆ ನಡೆದುಕೊಂಡಳು. ಮರುದಿನ ಎರಿ ಹೊಲದ ಅಂಚಿನಿಂದ ಕರೆ ಬಂತು: "ಎರಿ ಹೊಲ ಬಂತ ನೋಡ್ರಿ, ಕಾಲು ಹುಗಿತಾವ." ನಾನು ತಲೆ ಕೆರೆದುಕೊಂಡು, "ಉರಿ ಬಿಸಲ ಬಿತ್ತಂದ್ರ ತಾವ ಒಣಗತಾವ" ಅಂದೆ. ಮೇಳದ ಅಷ್ಟೂ ಮಂದಿಯ ಆಚೆ, ದೂರದಲ್ಲಿ, ನಿಶಾನಿ ಅಲುಗಿತು. ಮೆಚ್ಚಿದ್ದಾಳೆ ಎಂದು ತಿಳಿದುಕೊಂಡೆ. ಇಷ್ಟು ವರ್ಷ ಜೊತೆಗೇ ಕಪಿಲಧಾರಕ್ಕೆ ಹೋದೆವು, ಆದರೆ ಪಕ್ಕಪಕ್ಕದಲ್ಲಿ ಒಂದು ಹೆಜ್ಜೆಯೂ ನಡೆಯಲಿಲ್ಲ ನೋಡು. ನಡುವೆ ಯಾವಾಗಲೂ ಅರ್ಧ ಊರು ಇರುತ್ತಿತ್ತು. ಮನೆಯಲ್ಲಿ ನಾಲ್ಕು ಜನರ ಮುಂದೆ ನನ್ನ ಜೊತೆ ಮಾತಾಡಲು ನಾಚುತ್ತಿದ್ದವಳು ಆ ಬಯಲಿನಲ್ಲಿ ಎಲ್ಲರ ತಲೆಯ ಮೇಲಿಂದ ಕೂಗಿ ಕರೆಯುತ್ತಿದ್ದಳು. ವರ್ಷವಿಡೀ ನಾನು ಕಾರ್ತಿಕಕ್ಕೆ ಕಾಯುತ್ತಿದ್ದದ್ದು ದೇವರಿಗಾಗಿ ಮಾತ್ರವಲ್ಲ, ಮನ್ಮಥಸ್ವಾಮಿ ಕ್ಷಮಿಸಲಿ.

ಆದ್ದರಿಂದ ಮಗಳೇ, ನೀನೂ ದಿನಕ್ಕೊಂದು ಹೊಸ ಸಾಲು ಕಟ್ಟು. ಪ್ರಾಸ ಸರಿಯಾಗದಿದ್ದರೂ ಚಿಂತೆಯಿಲ್ಲ, ದನಿ ಗಟ್ಟಿ ಇರಲಿ.

ಇನ್ನು ನನ್ನ ವಿಷಯ. ಹೋದ ವರ್ಷದಿಂದ ಮೊಣಕಾಲು ನೋಯುತ್ತಿದೆ. ನಲವತ್ತಾರಕ್ಕೇ ಏನು ಮೊಣಕಾಲು ಎಂದು ಕೇಳಬೇಡ, ನೋವು ವಯಸ್ಸು ಕೇಳಿ ಬರುವುದಿಲ್ಲ. ಹಿಂದಿನ ಕೋಲು ನನ್ನಿಂದಾಗದು. ಮನ್ಮಥಪ್ಪನಿಗೇ ಬುದ್ಧಿ ಹೇಳಿ ಕಳಿಸುತ್ತೇನೆ, ಅತ್ತೆಯವರನ್ನು ಹೇಗಾದರೂ ಒಪ್ಪಿಸು. ಅವನೂ ಬೆಳಗ್ಗೆ ಬಂದಿದ್ದ. "ಸಾವಕಾರ್ರ, ವರ್ಷ ಆತು ಗಡ್ಡಾ ಬಿಟ್ಟು, ಮಠಾ ಕಟ್ಟತೀರೇನು?" ಎಂದು ಕೇಳಿ ಹೋದ.

ಅಳಿಯ ಸೂರ್ಯಕಾಂತನಿಗೆ ನನ್ನ ಆಶೀರ್ವಾದ, ಅತ್ತೆಯವರಿಗೆ ಶರಣು ತಿಳಿಸು. ನಿನ್ನ ಕಾಲಿಗೆ ಮುಳ್ಳು ತಾಗದಿರಲಿ, ನಿನ್ನ ಹಿಂದೆ ಬರುವವರು ಯಾರೂ ಉಳಿಯದಿರಲಿ.

ನಿನ್ನ ಅಪ್ಪ,
ರೇವಣಪ್ಪ

ತಾ.ಕ.: ಕಾಗದ ಮಡಚಿದವನು ಮತ್ತೆ ಬಿಚ್ಚಿ ಕುಳಿತಿದ್ದೇನೆ. ಇಲ್ಲಿಂದ ಮುಂದಿನದನ್ನು ಯಾರಿಗೂ ಓದಿ ಹೇಳಬೇಡ.

ನನ್ನ ಮೊಣಕಾಲಿಗೆ ಏನೂ ಆಗಿಲ್ಲ.

ಹೋದ ವರ್ಷ ಶ್ರಾವಣದಲ್ಲಿ, ತಾರು ತಲುಪಿ ನೀನು ಉದಗೀರದಿಂದ ಬಂದು ಮುಟ್ಟಿದೆಯಲ್ಲ, ಅವತ್ತಿನ ಬೆಳಗ್ಗೆ ನಿನ್ನ ಅವ್ವನಿಗೆ ಇನ್ನೂ ಜೀವವಿತ್ತು. ಪಡಸಾಲೆಗೆ ಬಿಸಿಲು ಬಂದಿತ್ತು. ಮೂರು ದಿನದಿಂದ ಮಾತಿಲ್ಲದವಳು ಕಣ್ಣು ತೆರೆದು, ಎದುರಿನ ಗೋಡೆಯನ್ನು ನೋಡುತ್ತ, ಹಾದಿಯಲ್ಲಿ ಕರೆಯುತ್ತಿದ್ದ ಅದೇ ದನಿ ಎತ್ತಿ ಕರೆದಳು:

ಗುಡ್ಡ ಏರಿ ನಿಂತೀನ್ರೀ, ಹಿಂದ ಯಾರದಾರ?

ಹೊಸ ಸಾಲು. ಅದುವರೆಗೆ ನಾನೂ ಕೇಳದ ಸಾಲು. ಸುತ್ತ ಕುಳಿತವರು ಜ್ವರದ ಬಡಬಡಿಕೆ ಎಂದರು. ಅದು ಯಾರಿಗೆ ಕರೆದದ್ದು ಎಂದು ನನಗೆ ಗೊತ್ತಿತ್ತು. ಬಾಯಿ ತೆರೆದೆ, ಉಳಿದರ್ಧ ಹೊರಡಲಿಲ್ಲ. ಅವಳು ತಲೆ ಹೊರಳಿಸಿ ಬಾಗಿಲ ಕಡೆ ನೋಡಿದಳು. ಕಾದಳು. ಪಾಪ ನಿಂತೇ ಇದ್ದಾರೆಂದು ಓಗೊಡಲು ಅಲ್ಲಿ ಕುರಿ ಕಾಯುವವನೂ ಇರಲಿಲ್ಲ. ಮಧ್ಯಾಹ್ನದೊಳಗೆ ಹೋದಳು.

ಕಟ್ಟಳೆ ಮುರಿಯುವವಳಲ್ಲ ಅವಳು. ಉತ್ತರ ಬಾರದೆ ಹೆಜ್ಜೆ ಕಿತ್ತಿಡುವವಳಲ್ಲ. ಆ ಗುಡ್ಡದ ಮೇಲೆ ಇನ್ನೂ ಹಾಗೆಯೇ ತಿರುಗಿ ನೋಡುತ್ತ ನಿಂತಿದ್ದಾಳೆ ಎಂದು ನನಗೆ ಅನ್ನಿಸುತ್ತದೆ. ಅವಳಿಗೆ ಉತ್ತರ ಕೊಡದೆ ಇನ್ನೊಬ್ಬರ ಕರೆಗೆ ಹೇಗೆ ಓಗೊಡಲಿ? ಹೋದ ವರ್ಷ ಕೋಲು ಹಿಡಿಯದೆ ಮೇಳವನ್ನು ಬಾಗಿಲಲ್ಲಿ ನಿಂತು ಕಳಿಸಿದ್ದು ಇದಕ್ಕೇ.

ಆದರೆ ಹಳ್ಳದ ದಂಡೆಯ ಸಂಗತಿ ಬರೆಯುತ್ತಿದ್ದಾಗ ಅವಳು ರೊಟ್ಟಿ ಹೊತ್ತು ಒಬ್ಬಳೇ ತಿರುಗಿ ಬಂದದ್ದು ಮತ್ತೆ ಕಣ್ಣಿಗೆ ಕಟ್ಟಿತು. ಹಿಂದೆ ಉಳಿದವನು ಎದ್ದು ನಡೆಯದಿದ್ದರೆ ಅವಳೇ ತಿರುಗಿ ಬರಬೇಕಾಗುತ್ತದೆ. ಹೋದ ವರ್ಷ ಮನ್ಮಥಪ್ಪ ತಂದಿಟ್ಟಂದಿನಿಂದ ಬಾಗಿಲ ಹಿಂದೆಯೇ ಇದ್ದ ಕೋಲನ್ನು ಈಗ ಹೊರಗೆ ತೆಗೆದೆ. ಗೆಜ್ಜೆ ತುಕ್ಕು ಹಿಡಿದಿವೆ, ಎಣ್ಣೆ ಹಾಕಿಟ್ಟಿದ್ದೇನೆ.

ಶಿರೂರ ಅನಂತಪಾಳದಲ್ಲಿ ನಿಮ್ಮನ್ನು ಕೂಡಿಕೊಳ್ಳುತ್ತೇನೆ. ಅತ್ತೆಯವರಿಗೆ ಹೇಳು, ಶರತ್ತು ಒಪ್ಪಿದ್ದೇನೆ. ಹಾದಿಯುದ್ದಕ್ಕೂ ನಿನ್ನ ಸಾಲುಗಳನ್ನೇ ಕರೆ. ಕಪಿಲಧಾರಕ್ಕೆ ಇಳಿಯುವ ಮುನ್ನ ಗುಡ್ಡ ಏರಿ ನಿಲ್ಲುತ್ತೀಯಲ್ಲ, ಅಲ್ಲಿ ಒಂದೇ ಒಂದು ಸಲ ಅವ್ವನ ಆ ಸಾಲು ಕರೆ. ಕರೆದು, ನಿಂತು ಕಾಯಿ.

ಉತ್ತರ ಕಟ್ಟಿಟ್ಟುಕೊಂಡಿದ್ದೇನೆ. ಇಲ್ಲಿ ಬರೆಯುವುದಿಲ್ಲ. ಟಪ್ಪಾಲಿನವನಿಗೆ ಕನ್ನಡ ಬಾರದು, ನಿಜ. ಕುರಿ ಕಾಯುವವನಿಗೂ ಬರುತ್ತಿರಲಿಲ್ಲ, ಆದರೂ ಪ್ರಾಸ ಮುಗಿಸಿಬಿಟ್ಟ.