ಲೋಟದಲ್ಲಿ ಮುಚ್ಚಿಟ್ಟ ಹಾಲು

14 ಜುಲೈ 1998, ಮಂಗಳವಾರ
ಸರಗೂರು

ಇವತ್ತೂ ಪುಟ್ಟಿ ಹಗಲೆಲ್ಲ ಹಸುವಿನ ಹಾಲನ್ನೇ ಕುಡಿದಿದ್ದಾಳೆ.

ಹೆರಿಗೆ ರಜೆ ಮುಗಿಸಿ ಅಂತರಸಂತೆ ಶಾಲೆಗೆ ಹೋಗತೊಡಗಿದಾಗಿನಿಂದ ಎದೆಹಾಲು ತೆಗೆಯುವ ಪಂಪಿಗಾಗಿ ಹುಡುಕಿದ್ದೇ ಹುಡುಕಿದ್ದು. ಮೈಸೂರಿನಲ್ಲಿ ತೋರಿಸಿದ್ದು ನನ್ನ ಸಂಬಳಕ್ಕೆ ನಿಲುಕುವಂಥದ್ದಲ್ಲ. ನಮ್ಮ ತಾಲ್ಲೂಕು ಕೇಂದ್ರ ಕೋಟೆಯಲ್ಲಿ ಕೇಳಿದರೆ ಅಂಗಡಿಯವನು ನಾಚಿ ತಲೆ ತಗ್ಗಿಸಿಬಿಟ್ಟ. ಕಡೆಗೆ ನಿನ್ನೆ ಇಲ್ಲೇ, ಬಸ್‌ಸ್ಟ್ಯಾಂಡಿನ ಹತ್ತಿರದ ಮೆಡಿಕಲ್ ಸ್ಟೋರಿನಲ್ಲಿ ಒಂದು ಸಿಕ್ಕಿತು. ಗಾಜಿನದು, ಹಿಂದೆ ಆಟೋ ಹಾರನ್ನಿನಂಥ ರಬ್ಬರ್ ಉಂಡೆ. "ಇದನ್ನ ಕೇಳೋರೇ ಇಲ್ಲ, ಅರ್ಧ ರೇಟ್ಗೇ ತಗಂಡೋಗಿ ಮೇಡಮ್" ಎಂದರು.

ಬೆಳಗಿನ ಜಾವ ಎದ್ದು, ಕೈ ಸೋಲುವವರೆಗೆ ಒತ್ತಿದೆ. ಬಂದ ಅರ್ಧ ಲೋಟ ಹಾಲನ್ನು ಮುಚ್ಚಿಟ್ಟು, "ಅತ್ತೆ, ಹಾಲು ಅಲ್ಲಿಟ್ಟಿದ್ದೀನಿ" ಎಂದಷ್ಟೇ ಹೇಳಿ ಬಸ್ಸಿಗೆ ಓಡಿದೆ. ಸಂಜೆ ಬಂದು, ಪುಟ್ಟಿ ಕುಡಿದಳಾ ಎಂದು ಕೇಳಿದರೆ ಅತ್ತೆ ಕಣ್ಣು ಕಣ್ಣು ಬಿಟ್ಟರು.

"ಅದು ಮಗೀಗಾ? ಹಾಲು ಕಟ್ಕಂಡು ನೋವಾಗಿ ಇಂಡಿಟ್ಟಿದ್ದೀಯ ಅಂದ್ಕಂಡೆ. ಯಾರೂ ತುಳೀಬಾರ್ದು ಅಂತ ದಾಸವಾಳದ ಬುಡಕ್ಕೆ ಉಯ್ದೆ ಕಣವ್ವ."

ಮೇಲೊಂದು ಚೊಂಬು ನೀರನ್ನೂ ಹಾಕಿದ್ದಾರೆ, ನನ್ನ ಎದೆ ತಣ್ಣಗಿರಲಿ ಅಂತ. ಇನ್ನು ಯಾರ ಮೇಲೆ ರೇಗಲಿ? "ನಾಳೆ ಕುಡಿಸ್ತೀನಿ ಬುಡು" ಎಂದು ತಾವೇ ಲೋಟ ಬೆಳಗಿ ಬೋರಲು ಹಾಕಿದರು.

ಈಗ ಪುಟ್ಟಿ ಎದೆ ಕಚ್ಚಿಕೊಂಡವಳು ಬಿಡುತ್ತಲೇ ಇಲ್ಲ. ಒಂದೇ ಕೈಯಲ್ಲಿ ಬರೆಯುತ್ತಿದ್ದೇನೆ, ಕಣ್ಣು ಎಳೆಯುತ್ತಿದೆ. ಸಾಕು ಬಿಡೇ ಕಂದ, ಒಂದಿಷ್ಟು ಉಳಿಸು. ಬೆಳಗಿನದೂ ನಿನಗೇ.