ಮೀನಿಗೊಂದು ಮರೆ

ನಮ್ಮ ವೈಶಾಲಿಯ ಅಪ್ಪಾರ,

ತಂಗಿಯ ಬಸುರಿ ಸೊಸೆಯ ಕುಬಸಕ್ಕೆ ಬಾಡಗಂಡಿಗೆ ಹೊರಟಿದ್ದೇನೆ. ನಾಳೆ ಸಂಜೆ ಬರುತ್ತೇನೆ. ರೊಟ್ಟಿ ಬುಟ್ಟಿಯಲ್ಲಿವೆ, ಝುಣಕ ಮುಚ್ಚಿಟ್ಟಿದ್ದೇನೆ.

ಇನ್ನು ಮೀನಿನ ವಿಷಯ. "ಎಲ್ಲಾ ಹೊಲಸ ಆಗೇತಿ" ಅಂತ ಮೊನ್ನೆ ಟ್ಯಾಂಕಿನೊಳಗಿನ ಕಲ್ಲು, ಗಿಡ ಎಲ್ಲ ತೆಗೆದು ಚೆಲ್ಲಿದಿರಿ. ಗಾಜು ಲಕಲಕ ಹೊಳೆಯುತ್ತದೆ ಖರೆ. ಆದರೆ ಮೂರೂ ಮೀನು ಅಂದಿನಿಂದ ಒಂದೇ ಮೂಲೆಗೆ ಒತ್ತಿಕೊಂಡು ನಿಂತಿವೆ, ಕಾಳು ಮುಟ್ಟಿಲ್ಲ. ಹೀಗೇ ಬಿಟ್ಟರೆ ಉಳಿಯುವುದಿಲ್ಲ.

ಹಿತ್ತಲಲ್ಲಿ ಒಡೆದ ಗಡಿಗೆ ಇದೆ. ಸಾಬೂನು ಹಚ್ಚದೆ ತೊಳೆದು ಟ್ಯಾಂಕಿನೊಳಗೆ ಅಡ್ಡ ಮಲಗಿಸಿ. ಗಾಜಿನ ಹಿಂಬದಿಗೆ ಹಳೆಯ ಕ್ಯಾಲೆಂಡರ್ ಹಾಳೆ ಅಂಟಿಸಿ. ಟ್ಯಾಂಕಿನ ಲೈಟು ಹಚ್ಚಬೇಡಿ. ನೀರು ಮತ್ತೆ ಬದಲಿಸಬೇಡಿ. ಗಾಜು ಬಡಿದು "ಬರ್ರಲೇ" ಅಂತ ಕರೆಯುವುದಂತೂ ಬೇಡವೇ ಬೇಡ.

ನಾನು ಮದುವೆಯಾಗಿ ರನ್ನ ಬೆಳಗಲಿಯ ನಿಮ್ಮ ಮನೆಗೆ ಬಂದ ಹೊಸದರಲ್ಲಿ, ಹದಿನಾಲ್ಕು ಮಂದಿಯ ನಡುವೆ ಎಲ್ಲಿ ಕೂತರೂ ಎಲ್ಲರ ಕಣ್ಣು ನನ್ನ ಮೇಲೆಯೇ. ಉಣ್ಣದೇ ಏಳುತ್ತಿದ್ದೆ. ಪಡಸಾಲೆಯ ಜೋಳದ ಚೀಲಗಳ ಹಿಂದೆ ಹೋಗಿ ಕೂತುಬಿಡುತ್ತಿದ್ದೆ. ಒಂದು ದಿನ ನೀವು ಹುಡುಕುತ್ತ ಬಂದಾಗ ಅತ್ತಿ ಏನೆಂದಿದ್ದರು, ನೆನಪಿದೆಯೇ? "ಆಕೀನ ಕರಿಬ್ಯಾಡಲೇ. ತಾಟು ಅಲ್ಲೇ ಇಟ್ಟ ಬಾ. ತಾನ ಹೊರಗ ಬರ್ತಾಳ."

ನೀವು ತಾಟು ಇಟ್ಟು, ತಿರುಗಿ ನೋಡದೆ ಹೋದಿರಿ. ಆ ಮನೆಯಲ್ಲಿ ನಾನು ಹೊಟ್ಟೆ ತುಂಬ ಉಂಡದ್ದು ಅವತ್ತೇ ಮೊದಲು.

ಈಗಲೂ ಹಾಗೇ ಮಾಡಿ. ನಾಲ್ಕೇ ಕಾಳು ಹಾಕಿ, ಹೊರಗೆ ಕಟ್ಟೆಗೆ ಹೋಗಿ ಕುಳಿತುಬಿಡಿ.