ಎರಡು ಸೀಸೆಯ ಸೊಳ್ಳೆಗಳು

ರಾಮಗಿರಿ ಹತ್ತಿರದ ಹಟ್ಟಿ
ಗುರುವಾರ, ಮಧ್ಯಾಹ್ನ

ನನ್ನ ಕೂಸು ಸುಷ್ಮಿತಾಗೆ,

ನಿನ್ನ ಮಲ್ಲತ್ತೆ ತಲೆ ಸವರಿ ಬರೆಯುವುದು. ಪೆನ್ನು ಸರಿಯಿಲ್ಲ, ಅಕ್ಷರ ಓಲಾಡಿದರೆ ಅದನ್ನೇ ಬೈದುಕೋ. ಫೋನು ಮಾಡಿದರೆ ನಿನ್ನ ಮಾವ ಕಾಟಯ್ಯ ಪಕ್ಕದಲ್ಲೇ ಕೂತು ಕೇಳುತ್ತಾರೆ. ಅದಕ್ಕೇ ದುರ್ಗದ ಕಾಲೇಜಿಗೆ ಬರುವ ಪಕ್ಕದ ಮನೆ ಗಂಗಾಳ ಕೈಲಿ ಈ ಕಾಗದ.

ಮೊನ್ನೆ ನೀನು ಲ್ಯಾಬಿನಿಂದ ಹೇಳಿದ್ದು ಕೇಳಿ ನೆಮ್ಮದಿಯೂ ಆಯಿತು, ಭಯವೂ ಆಯಿತು. ನಾನು ಹಿಡಿದು ಕಳಿಸಿದ ಎರಡೂ ಸೀಸೆಯಲ್ಲಿದ್ದದ್ದು ಒಂದೇ ಜಾತಿಯ ಸೊಳ್ಳೆ, ಬಗೆ ಮಾತ್ರ ಬೇರೆ ಅಂದೆ. ಕರಿ ದಾರ ಕಟ್ಟಿದ್ದು ನಮ್ಮ ಕುರಿ ರೊಪ್ಪದ್ದು. ಈಜು ಕಲಿಯುವವರು ಸೋರೆಬುರುಡೆ ಕಟ್ಟಿಕೊಂಡಂತೆ, ಅವು ಇಟ್ಟ ಮೊಟ್ಟೆಯ ಎರಡು ಕಡೆ ತೇಲುಬುರುಡೆ ಇರುತ್ತದಲ್ಲ, ಅದರ ಮೇಲೆ ಗೆರೆ ಕಡಿಮೆಯಂತೆ. ಅದು ದನ ಕುರಿಯ ರಕ್ತವನ್ನೇ ಹೆಚ್ಚು ಬಯಸುವ ಬಗೆ. ಕೆಂಪು ದಾರದ್ದು ನಿಮ್ಮಪ್ಪನ ಮನೆಯಲ್ಲಿ, ನಿನ್ನಣ್ಣನ ಮಗ ಗೋವರ್ಧನ ಜ್ವರದಲ್ಲಿ ಮಲಗಿದ್ದ ಕೋಣೆಯ ಗೋಡೆಯ ಮೇಲೆ ಹಿಡಿದದ್ದು. ಅದರ ಗೆರೆ ಹೆಚ್ಚು. ತೊಟ್ಟಿಯ ತಿಳಿನೀರಲ್ಲಿ ಹುಟ್ಟಿ ಮನುಷ್ಯರಿಗೆ ಮಲೇರಿಯಾ ಹಂಚುವ ಪೇಟೆಯ ಬಗೆ. ಜೀನಿನ ಪರೀಕ್ಷೆಯೂ ಅದನ್ನೇ ಹೇಳಿತಂತೆ. ನನ್ನ ಕಣ್ಣಿಗೆ ಎರಡೂ ಒಂದೇ ಬಸುರಿನ ಅಕ್ಕತಂಗಿಯರಂತೆ ಕಂಡಿದ್ದವು.

ಇಲ್ಲಿ ಯಾರು ನಂಬುತ್ತಾರೆ? ಗೋವರ್ಧನ ಈಗ ಎದ್ದು ಗಂಜಿ ಕುಡಿಯುತ್ತಿದ್ದಾನೆ. ಆದರೂ ನಿಮ್ಮಪ್ಪ ನಿನ್ನೆ ಕಟ್ಟೆಯ ಮೇಲೆ, "ಭಾವ, ನೀನು ರೊಪ್ಪದಾಗೆ ಕುರಿ ಅಲ್ಲ, ಜ್ವರ ಸಾಕ್ಕಂಡಿದ್ದೀಯ. ಸೋಮ್ವಾರ ಪಂಚಾಯ್ತಿ ಐತೆ. ಎತ್ತಲಿಲ್ಲ ಅಂದ್ರೆ ನಾನೇ ಬೆಂಕಿ ಇಕ್ತೀನಿ" ಅಂದ. ನಿನ್ನ ಮಾವ, "ಏನಪ್ಪ ಮುರುಗ, ಇಷ್ಟು ಕುರಿ ಬಿಟ್ಟು ನಿನ್ ಒಣಕಲು ಮೈ ಕಚ್ಚಾಕೆ ಸೊಳ್ಳಿಗೇನು ಹುಚ್ಚಾ?" ಅಂದರು. ಎಲ್ಲರೂ ನಕ್ಕರು. ನಿಮ್ಮಪ್ಪ ನಗಲಿಲ್ಲ.

ಮನೆಗೆ ಬಂದವರೇ ನಿನ್ನ ಮಾವ ಕುರಿಗಳ ಕೊರಳಗಂಟೆ ಬಿಚ್ಚುತ್ತ ಕೂತರು. ರೊಪ್ಪ ಎತ್ತಿ ಗುಡ್ಡದ ಬುಡಕ್ಕೆ ಹೋದರೆ ಆ ಸದ್ದಿಗೇ ಚಿರತೆ ಬರುತ್ತದಂತೆ. ರೊಪ್ಪ ಹೋದರೆ ನಮ್ಮ ಬಾಳು ಹೋಯಿತು. ಅದು ಹೋದಮೇಲೂ ನಿಮ್ಮಪ್ಪನ ಮನೆಯ ಆ ನೀರಿನ ತೊಟ್ಟಿ ಅಲ್ಲೇ ಇರುತ್ತದಲ್ಲ ಕೂಸೇ, ಇನ್ನೊಂದು ಮಗು ಮಲಗುತ್ತದೆ.

ಸೋಮವಾರ ಮೈಕ್ರೋಸ್ಕೋಪು ತಂದು ಎಲ್ಲರಿಗೂ ತೋರಿಸು. ನಿಮ್ಮಪ್ಪ ಕಾಗದ ನಂಬುವವನಲ್ಲ, ಕಣ್ಣಾರೆ ಕಂಡದ್ದನ್ನು ಇಲ್ಲ ಅನ್ನುವವನೂ ಅಲ್ಲ. ಅವನು ಆಸೆಪಟ್ಟು ಕಟ್ಟಿಸಿದ ತೊಟ್ಟಿಯನ್ನು ಮಗಳೇ ದೂರುವುದು ಕಷ್ಟ. ಮೊದಲು ಗೋವರ್ಧನನನ್ನು ಎತ್ತಿಕೋ, ಆಮೇಲೆ ಮಾತಾಡು.

ನಾನು ಚೆನ್ನಾಗಿದ್ದೇನೆ. ನಿನ್ನ ಮಾವನ ಕಂಬಳಿ ಹೊದ್ದು ಬಿಸಿಲಲ್ಲಿ ಕೂತಿದ್ದೇನೆ, ಅಷ್ಟೇ.

ನಿನ್ನ ದಾರಿ ನೋಡುವ,
ಮಲ್ಲತ್ತೆ

ಮಡಿಸಿದ ಕಾಗದ ಮತ್ತೆ ಬಿಚ್ಚಿದೆ. ಕೆಂಪು ದಾರದವು ಖಾಲಿ ಹೊಟ್ಟೆಯಲ್ಲಿದ್ದವು. ರಕ್ತ ಕುಡಿಯದೆ ಮೊಟ್ಟೆ ಇಡವು ಅಂತ ನೀನು ಅಂದಿದ್ದೆ, ಕೈ ಮಾತ್ರ ಕೊಡಬೇಡ ಅಂತಲೂ ಅಂದಿದ್ದೆ. ಒಂದೊಂದೇ ಸಾಯತೊಡಗಿದಾಗ ನಾನೇ ಸೀಸೆಯ ಬಾಯಿಬಟ್ಟೆಗೆ ಮುಂಗೈ ಒತ್ತಿ ಕಚ್ಚಿಸಿಕೊಂಡೆ. ಈಗ ದಿನ ಬಿಟ್ಟು ದಿನ ಹಲ್ಲು ಕಟಕಟಿಸುವ ಚಳಿ. ರೊಪ್ಪದ ಪಕ್ಕ ಮಲಗುವವಳಿಗೇ ಜ್ವರ ಅಂತ ತಿಳಿದರೆ ಬೆಂಕಿ ಸೋಮವಾರದವರೆಗೂ ಕಾಯುವುದಿಲ್ಲ. ನಿನ್ನ ಮಾವನಿಗೂ ಹೇಳಿಲ್ಲ. ತಡೆದೇನು ಅಂದುಕೊಂಡಿದ್ದೆ, ಆಗುತ್ತಿಲ್ಲ. ನಾಳೆಯೇ ಬಾ.